ಇಪ್ಪತ್ತಾರು ಹಲ್ಲಿನ ತೂತು

ಮೈದುನನ ಮೇಲೆ ಅತ್ತಿಗೆಗೆ ಎಳ್ಳಷ್ಟೂ ಗೌರವವಿರಲಿಲ್ಲ. ಟೈಲ್ಸ್ ಮಾರುವ ಆಸಾಮಿ. ತೀರಿಹೋದ ಮಾವನವರ ಹಳೆಯ ಬ್ರಿಟಿಷ್ ಮೋಟಾರ್‌ಸೈಕಲ್ಲನ್ನು ಶೆಡ್ಡಿನಿಂದ ಹೊರಗೆಳೆದದ್ದೇ ತಡ, ಮೀಸೆ ಬಿಟ್ಟು, ಚರ್ಮದ ಜಾಕೆಟ್ ಹೊಲಿಸಿಕೊಂಡ. ಗಾಡಿಯನ್ನು ಬಿಚ್ಚಿ, ತೊಳೆದು, ಕೂಡಿಸುತ್ತಿದ್ದವಳು ಅವಳು. ಮದುವೆಗೆ ಮೊದಲು ವರ್ಕ್‌ಶಾಪಿನಲ್ಲಿ ಲೇತಿನ ಮುಂದೆ ಪಳಗಿದ ಕೈ. ಸ್ಪ್ಯಾನರ್ ಹಿಡಿಯಲು ಬಾರದ ಗಂಡ ಟಾರ್ಚ್ ಹಿಡಿಯುತ್ತಿದ್ದ. ಚಿಕ್ಕಂದಿನಲ್ಲಿ ಆ ಟ್ಯಾಂಕಿನ ಮೇಲೆ ಕೂತು ಅಪ್ಪನ ಜೊತೆ ಸುತ್ತಿದವನು.

ಗೇರ್‌ಬಾಕ್ಸಿನ ಮುಚ್ಚಳಕ್ಕೆ ಒಂದು ಬೋಲ್ಟ್ ಕಮ್ಮಿ ಬಿತ್ತು. ಮೈದುನ ಫಳಫಳ ಹೊಳೆಯುವುದೊಂದನ್ನು ತಂದ. ಕಾಲಿಂಚು ದಪ್ಪ, ಉದ್ದ ಸರಿ, ಸ್ಪ್ಯಾನರೂ ಕೂರುತ್ತದೆ, ಇನ್ನೇನು ಬೇಕು ಎಂದ. ಟೋಪಿ ಹಿಡಿಸಿತೆಂದ ಮಾತ್ರಕ್ಕೆ ತಲೆಯೊಳಗೆ ಬುದ್ಧಿಯಿದೆ ಎಂದಂತಾಯಿತು ಎಂದು ಅವಳು ಮನಸ್ಸಿನಲ್ಲೇ ಮೂಗು ಮುರಿದಳು. ಪಕ್ಕದ ತೂತಿನ ಹಳೆಯ ಬೋಲ್ಟಿಗೆ ಹಲ್ಲು ಅಳೆಯುವ ಪಿಚ್ ಗೇಜಿನ ಗರಗಸದಂಥ ಎಲೆಗಳನ್ನು ಒಂದೊಂದಾಗಿ ಒತ್ತಿ, ಸಂದಿಯಲ್ಲಿ ಬೆಳಕು ಕಾಣದ ಎಲೆಯನ್ನು ಆಗಲೇ ಹುಡುಕಿಟ್ಟಿದ್ದಳು: ಇಂಚಿಗೆ ಇಪ್ಪತ್ತಾರು ಹಲ್ಲು. ಇವನು ತಂದದ್ದಕ್ಕೆ ಕೂತದ್ದು ಇಪ್ಪತ್ತೆಂಟರ ಎಲೆ.

ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನೇ ಶುರುಮಾಡಿದ: "ಎಲ್ಲದಕ್ಕೂ ಅಳತೆ ಹಿಡ್ಕೊಂಡು ಕೂತ್ರೆ ಗಾಡಿ ಓಡೋದು ಯಾವಾಗ ಅತ್ತಿಗೆ? ಬೋಲ್ಟ್ ಅಂದ್ಮೇಲೆ ಬೋಲ್ಟೇ."

"ಹಾಗಾದ್ರೆ ನೀನೇ ಹಾಕು," ಎಂದು ಸ್ಪ್ಯಾನರ್ ಕೊಟ್ಟಳು.

ಎರಡು ಸುತ್ತು ಬೆರಳಲ್ಲೇ ಹೋಯಿತು. ಆಮೇಲೆ ಬಿಗಿಯಿತು. ಬಿಗಿದದ್ದು ಅವಳಿಗೆ ಕಂಡಿತು. ಆದರೂ ತುಟಿ ಹೊಲಿದುಕೊಂಡು ನಿಂತಳು. ಮೀಸೆ ಮಣ್ಣಾಗುವುದನ್ನು ಕಣ್ಣಾರೆ ನೋಡಬೇಕಿತ್ತು. ಅವನು ಹಲ್ಲು ಕಚ್ಚಿ ತಿರುಗಿಸಿದ. ಬೋಲ್ಟ್ ಇದ್ದಕ್ಕಿದ್ದಂತೆ ಸಡಿಲಾಗಿ ಗಿರಗಿರ ತಿರುಗಿತು. ಹೊರತೆಗೆದರೆ ತೂತಿನ ಹಲ್ಲೆಲ್ಲ ಕಿತ್ತುಬಂದು, ಅದರ ಸಂದಿಗಳಲ್ಲಿ ಗೇರ್‌ಬಾಕ್ಸಿನ ಮೈಯ ಅಲ್ಯೂಮಿನಿಯಂ ಸುರುಳಿ ಸುರುಳಿಯಾಗಿ ಸಿಕ್ಕಿತ್ತು.

ಗಂಡ ತಮ್ಮನತ್ತ ನೋಡಲಿಲ್ಲ. ಅವಳನ್ನು ನೋಡಿದ.

"ನಿಂಗೆ ಗೊತ್ತಿತ್ತು, ಅಲ್ವಾ?"

ಚುಚ್ಚುಮಾತಿಗೆ ಬರವಿಲ್ಲದವಳು ಅವಳು. ಆಗ ಮಾತ್ರ ಬೋಲ್ಟನ್ನು ಎತ್ತಿಕೊಂಡು, ಅದಕ್ಕೆ ಸಿಕ್ಕಿದ ಸುರುಳಿಗಳನ್ನು ಉಗುರಿನಿಂದ ಬಿಡಿಸತೊಡಗಿದಳು.

ಮರುದಿನ ತೂತನ್ನು ದೊಡ್ಡದು ಮಾಡಿ, ಉಕ್ಕಿನ ಬುಷ್ ಎಂಬ ಪುಟ್ಟ ಕೊಳವೆ ಕೂರಿಸಿ, ಅದರೊಳಗೆ ಇಪ್ಪತ್ತಾರು ಹಲ್ಲಿನ ಥ್ರೆಡ್ ಕೊರೆದಳು. ಮಧ್ಯಾಹ್ನ ಬಂದ ಮೈದುನ, ಆ ಕಾಲದ ಲೋಹವೇ ಮೆದು ಎಂದು ರಾಗ ತೆಗೆದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಅವನ ಮೇಲಿನ ತಾತ್ಸಾರ ಕೂದಲೆಳೆಯಷ್ಟೂ ಕರಗಲಿಲ್ಲ. ಆದರೂ ಗೇಜನ್ನು ಅವನ ಕೈಗೆ ತುರುಕಿ, ಗೇರ್‌ಬಾಕ್ಸಿನ ಹಳೆಯ ಬೋಲ್ಟೊಂದನ್ನು ಮುಂದಿಟ್ಟಳು.

"ಯಾವ ಎಲೆ ಕೂರುತ್ತೆ ನೋಡು. ತಪ್ಪಿದ್ರೆ ಹೇಳ್ತೀನಿ."

ಅವನು ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿ, ಇಪ್ಪತ್ತನಾಲ್ಕು ಎಂದ.

"ತಪ್ಪು," ಎಂದಳು.