ಏಳನೇ ದಿನದ ಕುಟ್ಟಾಣಿ

"ಕೊಡಮ್ಮ, ಒಂದ್ ಗಳಿಗೆ ಅವಳೂ ಎತ್ಕೊಳ್ಲಿ," ಎಂದು ರಗಬ್, ತಂಗಿಯ ಏಳು ದಿನದ ಕೂಸನ್ನು ಎತ್ತಿಕೊಂಡಿದ್ದ ತಾಯಿಗೆ ಹೇಳಿದಾಗ ಕೋಣೆಯಲ್ಲಿದ್ದ ಹೆಂಗಸರೆಲ್ಲ ಅವನ ಹೆಂಡತಿ ವಿದಾದಳ ಕೈಗಳನ್ನೇ ನೋಡಿದರು.

ಹುಟ್ಟಿನಿಂದ ಬಂದ ಸೆರೆಬ್ರಲ್ ಪಾಲ್ಸಿ ಅವಳ ಬಲಗೈಯನ್ನು ಮಡಚಿ ಎದೆಗೆ ಎಳೆದಿಟ್ಟಿತ್ತು. ಬಸಿರಿಗೆ ಅಡ್ಡಿಯಿಲ್ಲವೆಂದು ಡಾಕ್ಟರಮ್ಮ ಬಾಯಿ ಬಿಟ್ಟು ಹೇಳಿದ್ದರು. ಬಸಿರು ತಡೆಯುವ ಮಾತ್ರೆಯನ್ನು ಇವತ್ತಿಗೆ ನಿಲ್ಲಿಸುವುದೆಂದು ಗಂಡಹೆಂಡತಿ ಮಾತಾಡಿಕೊಂಡಿದ್ದರು. ಮಗು ಎತ್ತುವ ಅಭ್ಯಾಸಕ್ಕೆಂದು ವಿದಾದ್ ಅಕ್ಕಿಯ ಚೀಲವನ್ನು ಎಡತೋಳಿಗೆ ಒರಗಿಸಿಕೊಂಡು ಮನೆಯೆಲ್ಲ ಓಡಾಡಿದ್ದಳು. ನೂಲಿನ ಗಿರಣಿಯಿಂದ ಬಂದ ರಗಬ್, "ಬಸ್ಬೂಸಾ ಮಲಗಿದ್ಳೇನೇ?" ಎಂದು ಆ ಚೀಲಕ್ಕೆ ಮಿಠಾಯಿಯೊಂದರ ಹೆಸರಿಟ್ಟು ವಿಚಾರಿಸುತ್ತಿದ್ದ.

"ಹೂವಿನಂಥ ಕೂಸು ಕಣೋ. ಅವಳ ಮಾತು ಅವಳ ಕೈಯೇ ಕೇಳಲ್ಲ," ಎಂದಳು ಅತ್ತೆ ತಹಿಯ್ಯಾ.

"ಸುಮ್ನಿರಮ್ಮ," ಎಂದಳು ಬಾಣಂತಿ ನಜ್ಲಾ, ರಗಬನ ತಂಗಿ. "ಅತ್ತಿಗೆ, ಇಲ್ಲಿ ಬಾ. ಮಂಚದ್ ಮೇಲೆ ನನ್ ಪಕ್ಕ ಕೂತ್ಕೋ."

ತೋಳಿಗೆ ಬಂದ ಮಗು ಅಕ್ಕಿಯ ಚೀಲಕ್ಕಿಂತ ಹಗುರವಾಗಿತ್ತು, ಬೆಚ್ಚಗಿತ್ತು. ವಿದಾದಳ ಎಡತೋಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಅವಳಿಗೆ ಅಳು ಬರುವಷ್ಟು ಸಂತೋಷವಾಯಿತು.

"ಪರವಾಗಿಲ್ವೇ ನಮ್ಮ ಸೊಸೆ!" ತಹಿಯ್ಯಾಳ ಮುಖ ಅರಳಿತು. "ಬರೋ ವರ್ಷ ನಿನ್ ಕೂಸಿಂದೇ ಏಳನೇ ದಿನ ಮಾಡೋಣ!"

ಕೂಸು ಮುಂದೆ ಯಾವ ಸದ್ದಿಗೂ ಹೆದರದಿರಲೆಂದು ಏಳನೇ ದಿನ ಅದರ ಕಿವಿಯ ಹತ್ತಿರ ಹಿತ್ತಾಳೆಯ ಕುಟ್ಟಾಣಿ ಬಾರಿಸುವುದು ಅವರಲ್ಲಿ ಶಾಸ್ತ್ರ. ಆ ಖುಷಿಯಲ್ಲೇ ತಹಿಯ್ಯಾ ಕುಟ್ಟಾಣಿ ಎತ್ತಿಕೊಂಡು ಸೊಸೆಯ ಬೆನ್ನ ಹಿಂದೆ ಬಂದಳು. "ಅಮ್ಮನ ಮಾತು ಕೇಳಬೇಡ್ವೋ, ಈ ಅಜ್ಜಿ ಮಾತು ಕೇಳೋ!" ಎಂದು ಠಣ್ಣನೆ ಬಾರಿಸಿದಳು.

ಹಠಾತ್ತನೆ ಸದ್ದಾದರೆ ವಿದಾದಳ ಮೈ ಚಿಕ್ಕಂದಿನಿಂದಲೂ ಬೆಚ್ಚಿ ಸೆಟೆಯುತ್ತಿತ್ತು. ಚೀಲ ಹೊತ್ತು ಓಡಾಡುವಾಗ ಅದರ ನೆನಪೇ ಆಗಿರಲಿಲ್ಲ. ತೋಳು ಸಿಡಿದು ಬಿಚ್ಚಿಕೊಂಡಿತು. ಜಾರಿದ ಕೂಸನ್ನು ರಗಬ್ ನೆಲಕ್ಕೆ ತಾಗುವ ಮೊದಲೇ ಹಿಡಿದ.

ಕೂಸು ಎಚ್ಚರಗೊಳ್ಳಲೂ ಇಲ್ಲ. "ಏನೂ ಆಗಿಲ್ಲ, ಏನೂ ಆಗಿಲ್ಲ," ಎಂದರು ಎಲ್ಲರೂ. ಯಾರಾದರೂ ಬೈದಿದ್ದರೆ ವಿದಾದಳಿಗೆ ಎಷ್ಟೋ ಹಗುರವಾಗುತ್ತಿತ್ತು. ರಗಬ್ ಕೂಸನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ಹೆಂಡತಿಯ ಕಡೆ ಅವನು ನೋಡಲಿಲ್ಲ.

ಸಂಜೆ ಮನೆಗೆ ಬಂದ ಮೇಲೆ ಅವನು ಮಾತ್ರೆಯನ್ನೂ ನೀರಿನ ಲೋಟವನ್ನೂ ತಂದು ಅವಳ ಮುಂದಿಟ್ಟ.

"ಇವತ್ತಿಗೆ ನಿಲ್ಸೋಣ ಅಂದಿದ್ವಲ್ಲ?"

"ಬಾಗಿಲು ಬಡಿದ್ರೂ ಸದ್ದೇ, ಬೀದೀಲಿ ಹಾರ್ನ್ ಹೊಡೆದ್ರೂ ಸದ್ದೇ. ನಾನು ಗಿರಣೀಲಿರ್ತೀನಿ, ವಿದಾದ್."

"ಬಟ್ಟೇಲಿ ಎದೆಗೆ ಕಟ್ಕೋತೀನಿ. ನೆಲದ ಮೇಲೆ ಕೂತೇ ಹಾಲು ಕುಡಿಸ್ತೀನಿ. ಬೀಳೋದಕ್ಕೆ ಜಾಗವೇ ಇರಲ್ಲ, ರಗಬ್."

ಅವನು ಲೋಟವನ್ನು ಇನ್ನಷ್ಟು ಹತ್ತಿರ ಸರಿಸಿದ.

ವಿದಾದ್ ಮಾತ್ರೆ ನುಂಗಿದಳು. ಆಮೇಲೆ ಅಡುಗೆಮನೆಗೆ ಹೋಗಿ, ಬಸ್ಬೂಸಾಳ ಕಟ್ಟನ್ನು ಹಲ್ಲಿನಿಂದ ಬಿಚ್ಚಿ, ರಾತ್ರಿಯ ಊಟಕ್ಕೆ ಅಕ್ಕಿ ತೆಗೆದಳು.