ಏಳನೆಯ ನೀರು

"ಭಟ್ರೇ, ಸ್ವಲ್ಪ ಹೊರಗೆ ಬನ್ನಿ. ಇದರಲ್ಲಿ ತಿಂದರೆ ಸಾಯುವುದು ಯಾವುದು, ಬದುಕುವುದು ಯಾವುದು ಅಂತ ನೀವೇ ಹೇಳ್ಬೇಕು."

ಹೋಟೆಲಿನ ಮಾಲೀಕ ಸದಾನಂದ ರಾಯರು ಅಡುಗೆಮನೆಯ ಬಾಗಿಲಿಗೆ ಬಂದು ಹೀಗೆ ಕರೆದಾಗ ಜಯರಾಮ ಭಟ್ಟರ ಯೋಚನೆ ಮೊದಲು ಹೋದದ್ದು ಬೆಳಗಿನ ಚಟ್ನಿಯ ಕಡೆಗೆ. ಮೂವತ್ತನಾಲ್ಕು ವರ್ಷಗಳಲ್ಲಿ ಅವರ ಚಟ್ನಿ ತಿಂದು ಯಾರೂ ಸತ್ತಿರಲಿಲ್ಲ. ಆದರೂ ಜೂನ್ ತಿಂಗಳ ಚೆನ್ನೈಯಲ್ಲಿ ತೆಂಗಿನಕಾಯಿಯನ್ನು ಪೂರ್ತಿ ನಂಬುವ ಹಾಗಿಲ್ಲ. ಅವರು ಕೈಯ ಹಿಟ್ಟನ್ನು ಹೆಗಲ ಮೇಲಿನ ಬೈರಾಸಿಗೆ ಒರೆಸಿಕೊಂಡರು. ತೊಳೆಯುವ ಮಾತೇ ಇರಲಿಲ್ಲ. ಆ ವರ್ಷ, ಅಂದರೆ ಎರಡು ಸಾವಿರದ ಮೂರರಲ್ಲಿ, ಹೋಟೆಲಿದ್ದ ನುಂಗಂಬಾಕ್ಕಂಗೆ ನೀರು ಲಾರಿಯಲ್ಲಿ ಬರುತ್ತಿತ್ತು, ಅದೂ ಬಂದರೆ.

ಹೊಸದಾಗಿ ಮಾಡಿಸಿದ ಏಸಿ ಹಾಲಿನ ಗೋಡೆಗೆ ಆರು ಚಿತ್ರಗಳನ್ನು ಒರಗಿಸಿಟ್ಟಿದ್ದರು. ಸಪ್ಲೈಯರ್ ತಮ್ಮಯ್ಯ ಬಾಯಲ್ಲಿ ಮೊಳೆ ಕಚ್ಚಿಕೊಂಡು ಕುರ್ಚಿಯ ಮೇಲೆ ನಿಂತಿದ್ದ. ರಾಯರ ಸೊಸೆ ವೀಕ್ಷಾ ಸೊಂಟಕ್ಕೆ ಕೈಕೊಟ್ಟು, ಯಾರನ್ನು ಬೈಯಬೇಕೆಂದು ಇನ್ನೂ ತೀರ್ಮಾನವಾಗದವಳ ಹಾಗೆ ನಿಂತಿದ್ದಳು.

ನಡೆದದ್ದು ಇಷ್ಟು. ಎಲ್ಲ ಹೋಟೆಲಿನಲ್ಲೂ ಅದೇ ಕೃಷ್ಣ, ಅದೇ ಜಲಪಾತ ಎಂದು ಬೇಸತ್ತ ವೀಕ್ಷಾ ಹಳೇ ಪುಸ್ತಕದ ಅಂಗಡಿಯೊಂದರಿಂದ ಅಣಬೆಗಳ ಆರು ಚಿತ್ರ ತಂದಿದ್ದಳು. ನೂರು ವರ್ಷಕ್ಕೂ ಹಿಂದೆ ಯಾವುದೋ ದೂರದೇಶದಲ್ಲಿ ಯಾರೋ ಕಣ್ಣು ಕಳೆದುಕೊಂಡು ಬರೆದದ್ದು. ಮೂರು ತಿನ್ನುವಂಥವು, ಮೂರು ವಿಷದವು. ಯಾವುದು ಯಾವುದೆಂದು ಪ್ರತಿ ಚಿತ್ರದ ಕೆಳಗೂ ಆ ದೇಶದ ಭಾಷೆಯಲ್ಲಿ ಅಚ್ಚಾಗಿತ್ತು. ಅವನ್ನು ಅವಳು ಪಕ್ಕದ ಬೀದಿಯ ಫ್ರೇಮ್ ಅಂಗಡಿಗೆ ಕೊಟ್ಟಳು. ಅಂಗಡಿಯಾತ ಜೀವಮಾನವಿಡೀ ಕ್ಯಾಲೆಂಡರಿನ ದೇವರಿಗೆ ಗಾಜು ಹಾಕಿದವನು. ದೇವರ ಪಾದದ ಕೆಳಗೆ ಜವಳಿ ಅಂಗಡಿಯ ಹೆಸರೋ ಬೆಲ್ಲದ ಮಂಡಿಯ ಹೆಸರೋ ಇದ್ದೇ ಇರುತ್ತದೆ, ಅದನ್ನು ಕತ್ತರಿಸಿಯೇ ಫ್ರೇಮಿಗೆ ಕೂರಿಸುವುದು ಅವನ ಪದ್ಧತಿ. ಅಣಬೆಗಳಿಗೂ ಅವನು ಅದೇ ಮರ್ಯಾದೆ ಮಾಡಿದ್ದ. ವೀಕ್ಷಾ ಹೋಗಿ ಜಗಳ ತೆಗೆದಾಗ, "ವಿಳಂಬರಂ ದಾನೇ ಮ್ಯಾಡಂ," ಎಂದಿದ್ದ. ಬರೀ ಜಾಹೀರಾತು ತಾನೇ ಹೋದದ್ದು, ಎಂದು.

"ಚಿತ್ರ ಮಾರಿದವನನ್ನೇ ಕೇಳ್ಬಹುದಲ್ಲ?" ಎಂದರು ರಾಯರು.

"ಕೇಳಿದೆ ಮಾವ. ಮೂರು ಮೂರು ಅಂತ ಅವನಿಗೂ ಯಾರೋ ಹೇಳಿದ್ದಂತೆ. ಓದಲಿಕ್ಕೆ ಅವನಿಗೂ ಬರುವುದಿಲ್ಲ."

"ಊಟ ಮಾಡುವ ಜಾಗದಲ್ಲಿ ವಿಷ ತೂಗಹಾಕಲಿಕ್ಕೆ ಆಗ್ತದಾ? ಮೂರೇ ಹಾಕುವ. ಆದರೆ ಯಾವ ಮೂರು?"

ತಮ್ಮಯ್ಯ ಮೊಳೆಗಳನ್ನು ಅಂಗೈಗೆ ಉಗಿದುಕೊಂಡ. ಅವನು ಕೊಳ್ಳೇಗಾಲದ ಕಡೆಯವನು. "ನಮ್ ಕಡೆ ಇವನ್ನೆಲ್ಲ ನಾಯಿಕೊಡೆ ಅಂತೀವಿ ಸಾ. ನಾಯಿ ಕಾಲೆತ್ತಿದ್ ಕಡೆ ಏಳ್ತವೆ. ಅದ್ರಲ್ಲಿ ಒಳ್ಳೇದೇನು, ಕೆಟ್ಟದ್ದೇನು?"

"ಅಲ್ಲ ಮಾವ, ಭಟ್ರನ್ನು ಯಾಕೆ ಕೇಳುವುದು? ಅವರ ಮನೆಯಲ್ಲಿ ಅಣಬೆ ಮೆಟ್ಟಿದರೂ ಮೀಯಬೇಕು."

"ಅದಕ್ಕೇ ಕೇಳುವುದು ಮಗಾ. ಯಾವುದನ್ನು ನೋಡಿ ಅವರು ಹೆಚ್ಚು ಹೇಸ್ತಾರೋ ಅದು ತಿನ್ನಲಿಕ್ಕೆ ಒಳ್ಳೇದಿರಬೇಕು ಅಂತ ನನ್ನ ಲೆಕ್ಕ."

ಎಲ್ಲರೂ ನಕ್ಕರು. ಭಟ್ಟರೂ ನಕ್ಕರು, ನಗಬೇಕಾದಲ್ಲಿ ನಗುವ ಅಭ್ಯಾಸ ಅವರಿಗೆ ಚೆನ್ನಾಗಿತ್ತು. ಒಂದೊಂದಾಗಿ ನೋಡುತ್ತ ಬಂದರು. ಬಿಳಿ ಚುಕ್ಕೆಯ ಕೆಂಪು ಕೊಡೆ, ಮದುವೆಗೆ ಹೊರಟವಳ ಹಾಗೆ. ಹಸಿರು ಛಾಯೆಯ ಬಿಳಿಯದು. ಅದರ ಕತ್ತಿಗೊಂದು ನಿರಿಗೆಯ ಸೆರಗು, ಬುಡಕ್ಕೊಂದು ಚೀಲ. ತುತ್ತೂರಿಯಂಥ ಹಳದಿ. ಇನ್ನೆರಡು ಕಂದು. ಆರನೆಯದರಲ್ಲಿ ಕೊಡೆಯೇ ಇರಲಿಲ್ಲ. ಮಣ್ಣಿನಲ್ಲಿ ಅರ್ಧ ಹುಗಿದ ಗೋಲಿಗಾತ್ರದ ಉಂಡೆಗಳು. ಒಂದನ್ನು ಸೀಳಿ ತೋರಿಸಿತ್ತು, ಒಳಗೆ ಅಚ್ಚ ಬಿಳಿ. ಇನ್ನೊಂದರ ಒಳಗೆ ಮಸಿ. ಮೂಲೆಯಲ್ಲಿ ಒಂದರ ಸಿಪ್ಪೆ ನಕ್ಷತ್ರದ ಹಾಗೆ ಬಿಚ್ಚಿಕೊಂಡು ಬಿದ್ದಿತ್ತು.

"ಇದ್ಯಾರೋ ಬೋಂಡ ಬರ್ದವ್ರೆ," ಎಂದ ತಮ್ಮಯ್ಯ.

ಭಟ್ಟರ ಬಾಯಲ್ಲಿ ನಾಲಿಗೆ ತಾನಾಗಿ ಒಮ್ಮೆ ಹೊರಳಿತು. "ನನಗೆಂತ ಗೊತ್ತು ಇದೆಲ್ಲ," ಎಂದು ಒಳಗೆ ಹೋದರು.

ಜಯರಾಮ ಎಂಬುದು ಅವರು ಹದಿಮೂರನೆಯ ವಯಸ್ಸಿನಲ್ಲಿ ಸೆಂಟ್ರಲ್ ಸ್ಟೇಷನ್ನಿನ ಹೊರಗೆ ತಾವೇ ಇಟ್ಟುಕೊಂಡ ಹೆಸರು. ಅದಕ್ಕೆ ಮೊದಲು ಅವರು ಐತ. ಭಾನುವಾರ, ಐತವಾರ ಹುಟ್ಟಿದ್ದರಿಂದ ಐತ. ತಾಯಿ ಉಡುಪಿಯ ಆಚೆ ಒಂದು ಭಟ್ಟರ ಮನೆಯ ಅಂಗಳ ಗುಡಿಸುತ್ತಿದ್ದಳು. ಬಾಯಾರಿದರೆ ಆ ಮನೆಯವರು ಜಗಲಿಯ ಮೇಲಿಂದ, ಕೊಡಪಾನ ಕೈಗೆ ತಾಗದ ಹಾಗೆ ಎತ್ತರಿಸಿ, ಬೊಗಸೆಗೆ ನೀರು ಹೊಯ್ಯುತ್ತಿದ್ದರು. ಅರ್ಧ ನೀರು ಬಾಯಿಗೆ, ಅರ್ಧ ಮೊಣಕೈಗೆ. ಮದರಾಸಿನಲ್ಲಿ ರಾಯರ ತಂದೆ "ಯಾವ ಮನೆ ಮಾಣಿ ನೀನು?" ಎಂದು ಕೇಳಿದಾಗ ಹುಡುಗ ಆ ಭಟ್ಟರ ಮನೆಯ ಹೆಸರು ಹೇಳಿದ. ಮುದುಕರಿಗೆ ಆ ಮನೆ ಗೊತ್ತಿತ್ತು, ಹಾಗಾಗಿ ಮುಂದೆ ಕೇಳಲಿಲ್ಲ. ಆ ಶ್ರಾವಣದಲ್ಲಿ ಉಳಿದ ಅಡುಗೆಯವರ ಜೊತೆಗೆ ಅವನ ಹೆಗಲಿಗೂ ಒಂದು ಜನಿವಾರ ಬಿತ್ತು. ಸುಳ್ಳು ಹೇಳಿದ್ದು ಒಂದು ಸಲ. ಆಮೇಲೆ ಅದನ್ನು ದಿನಾ ಬೇಯಿಸಿ ಬಡಿಸಿದ್ದು.

ಆ ಅಡುಗೆಮನೆಗೆ ಬ್ರಾಹ್ಮಣರಲ್ಲದವರಿಗೆ ಪ್ರವೇಶವಿರಲಿಲ್ಲ. ಹೊರಗಿನ ಬೋರ್ಡಿನ ಮೇಲೂ ಆ ಮಾತು ಬಣ್ಣದಲ್ಲಿತ್ತು. ಸುತ್ತಲಿನ ಬೀದಿಗಳಲ್ಲಿ ಉಪನಯನವಾದರೂ ತಿಥಿಯಾದರೂ "ಜಯರಾಮ ಭಟ್ರ ಕೈಯದ್ದೇ ಆಗಬೇಕು" ಎನ್ನುವ ಮನೆಗಳಿದ್ದವು. ಗೋತ್ರ ಕೇಳುವವರ ಎದುರು ಕೂರುವುದು ಬೇಡವೆಂದು ಭಟ್ಟರು ಮದುವೆಯನ್ನೇ ಆಗಲಿಲ್ಲ. ಮಹಡಿಯ ಮೇಲಿನ ಒಂದು ಕೋಣೆ, ಒಂದು ಟ್ರಂಕು, ಮತ್ತು ಆ ಹೆಸರು: ಅವರಿಗಿದ್ದದ್ದು ಅಷ್ಟು.

ಆದರೆ ಆ ಆರನೆಯ ಚಿತ್ರ ಅವರನ್ನು ಬಿಡಲಿಲ್ಲ. ತಿಂಡಿಯ ಗಲಾಟೆ ಮುಗಿದು ಊಟದ್ದು ಶುರುವಾಗುವ ನಡುವೆ ಸಿಗುವ ಹತ್ತು ನಿಮಿಷದಲ್ಲಿ ಏಸಿ ಹಾಲಿಗೆ ಬಂದು, ಫ್ಯಾನಿನ ಧೂಳು ನೋಡುವವರ ಹಾಗೆ ನಿಂತು, ಅದನ್ನು ನೋಡುತ್ತಿದ್ದರು. ಅದು ಕಲ್ಲಣಬೆ. ಮೊದಲ ಗುಡುಗಿನ ಮರುದಿನ ತಾಯಿ ಐತನನ್ನು ಕೆಂಪು ಮುರಕಲ್ಲಿನ ಗುಡ್ಡೆಗೆ ಕರೆದೊಯ್ಯುತ್ತಿದ್ದಳು. ಕಣ್ಣಿಗಿಂತ ಮೊದಲು ಕಾಲಿನ ಹೆಬ್ಬೆರಳಿಗೆ ಅದು ತಿಳಿಯುತ್ತಿತ್ತು. ದೂರದೇಶದವನಿಗೆ ಇದು ಎಲ್ಲಿ ಸಿಕ್ಕಿತು? ಅಲ್ಲಿಯೂ ಗುಡುಗಿದರೆ ಏಳುತ್ತದೆಯೋ? ಆತ ಅದನ್ನು ಸೀಳಿದ ರೀತಿ ನೋಡಿದರೆ ಭಟ್ಟರಿಗೆ ಒಂದು ವಿಷಯ ಮಾತ್ರ ಖಾತ್ರಿಯಾಯಿತು. ಬಿಳಿಯದನ್ನು ಒಂದು ಕಡೆ, ಕಪ್ಪನ್ನು ಇನ್ನೊಂದು ಕಡೆ ಬರೆದವನು ಬರೀ ನೋಡಿ ಬರೆದವನಲ್ಲ, ತಿಂದೇ ಬರೆದವನು.

ಗುರುವಾರ, ಆರನ್ನೂ ಒಮ್ಮೆ ಗೋಡೆಗೆ ಹಾಕಿಸಿ ನೋಡಿ, ವೀಕ್ಷಾ ತೀರ್ಪು ಕೊಟ್ಟಳು.

"ಮಾವ, ಕೆಂಪು, ಹಳದಿ ಮತ್ತೆ ಆ ಹಸಿರು ಬಿಳಿ. ಈ ಮೂರು ಇರ್ಲಿ. ನೋಡಲಿಕ್ಕೇ ಎಷ್ಟು ಫ್ರೆಶ್. ಕೆಂಪನ್ನು ಫ್ಯಾಮಿಲಿ ಟೇಬಲಿನ ಮೇಲೆ ಹಾಕುವ. ಈ ಹೊಟ್ಟೆ ಕಪ್ಪಗಿರುವುದು ವಿಷವೇ, ಡೌಟೇ ಇಲ್ಲ. ತಮ್ಮಯ್ಯಣ್ಣ, ಅದನ್ನು ಇಳಿಸಿ."

"ಅದು ವಿಷ ಅಲ್ಲ," ಎಂದಿತು ಒಂದು ಧ್ವನಿ. ಅದು ತಮ್ಮದೇ ಎಂದು ಭಟ್ಟರಿಗೆ ತಿಳಿಯುವಷ್ಟರಲ್ಲಿ ಉಳಿದದ್ದೂ ಹೊರಗೆ ಬಂದಿತ್ತು. "ಕಪ್ಪಾದದ್ದು ಬಲಿತದ್ದು, ಅಷ್ಟೇ. ಅದನ್ನು ಬಿಸಾಡುವುದು. ಬಿಳಿ ಇದ್ದದ್ದನ್ನು ತಿನ್ನುವುದು. ಹಲ್ಲಿಗೆ ಸಿಕ್ಕಿದ ಕೂಡಲೇ ಟಪ್ ಅಂತ ಒಡೀತದೆ. ಇಳಿಸುವುದಾದ್ರೆ ಆ ಕೆಂಪು ಕೊಡೆ ಇಳಿಸಿ. ಬುಡದಲ್ಲಿ ಚೀಲ ಇರುವುದನ್ನೂ ಇಳಿಸಿ. ಅವನ್ನು ಆಡು ಕೂಡ ಮುಟ್ಟುವುದಿಲ್ಲ."

ಏಸಿಯ ಸದ್ದು ಅಷ್ಟು ದೊಡ್ಡದೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ.

"ನಿಮ್ಗೆಂಗೊತ್ತು ಬಟ್ರೇ?" ಎಂದ ತಮ್ಮಯ್ಯ.

"ಊರಲ್ಲಿ ಹೇಳ್ತಾರೆ. ಕೇಳಿದ್ದು."

"ಟಪ್ ಅಂತ ಒಡೆಯುವುದನ್ನು ಕೂಡ ಹೇಳ್ತಾರಾ?" ವೀಕ್ಷಾಳ ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು.

ಗಲ್ಲಾದ ಹಿಂದೆ ಸೋಂಪಿನ ಬಟ್ಟಲು ತುಂಬುತ್ತಿದ್ದ ರಾಯರು ತಲೆ ಎತ್ತದೆ ಹೇಳಿದರು: "ಟಪ್ ಅನ್ನುವುದೆಲ್ಲ ಸರಿ. ತೊಳೆಯುವುದೇ ಕಷ್ಟ. ಏಳು ನೀರಲ್ಲಿ ತೊಳೆದರೂ ಕಡೆಗೆ ಒಂದು ಮಣ್ಣಿನ ಹರಳು ಹಲ್ಲಿಗೆ ಸಿಕ್ಕಿಯೇ ಸಿಗ್ತದೆ."

ಈಗ ಎಲ್ಲರೂ ಅವರ ಕಡೆ ತಿರುಗಿದರು. ರಾಯರ ಕೈ ಬಟ್ಟಲಿನ ಮೇಲೆ ನಿಂತಿತು.

"ನಮ್ಮ ಊರಲ್ಲೂ ಹೇಳ್ತಾರೆ," ಎಂದರು. ಮತ್ತೆ ಸೋಂಪು ಸುರಿಯುತ್ತ, "ಭಟ್ರು ಹೇಳಿದ ಹಾಗೆ ಮಾಡು ವೀಕ್ಷಾ."

ಅಡುಗೆಮನೆಗೆ ಮರಳಿದ ಭಟ್ಟರಿಗೆ ಆ ಹರಳಿನದೇ ಚಿಂತೆ. ಮಣ್ಣಿನ ಹರಳು ಕಿವಿಗೆ ಸಿಗುವ ವಸ್ತುವಲ್ಲ. ರಾಯರು ತಿಂದಿದ್ದಾರೆ. ಆದರೆ ಅದರಿಂದ ತಮಗೇನೂ ಆಸರೆಯಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಯಜಮಾನ ತಿಂದರೆ ಅದು ಬಾಲ್ಯದ ಒಂದು ಕತೆ, ಒಂದು ಸ್ನಾನಕ್ಕೆ ಮುಗಿಯುವಂಥದು. ಅಡುಗೆಯವ ತಿಂದಿದ್ದರೆ ಅವನು ಯಾವ ಮನೆಯವನು ಎಂಬ ಪ್ರಶ್ನೆ ಏಳುತ್ತದೆ. ಶುಕ್ರವಾರ ರಾಯರು ಅವರೊಂದಿಗೆ ಆಡಿದ್ದು ಒಂದೇ ಮಾತು, ಸಾಂಬಾರಿಗೆ ಉಪ್ಪು ಮುಂದಾಗಿದೆ ಎಂದು. ಆಗಿತ್ತು. ಶನಿವಾರ ಅದೂ ಇಲ್ಲ. ಕೆಂಪು ಕೊಡೆ ವೀಕ್ಷಾಳ ಮಲಗುವ ಕೋಣೆಗೆ ಹೋಯಿತು, ಬಿಸಾಡಲು ಅವಳಿಗೆ ಮನಸ್ಸು ಬರಲಿಲ್ಲವಂತೆ. ಕಲ್ಲಣಬೆ ಫ್ಯಾಮಿಲಿ ಟೇಬಲಿನ ಮೇಲೆ ಏರಿತು. ಅದರ ಕೆಳಗೆ ಕೂತವರೊಬ್ಬರು ತಮ್ಮಯ್ಯನನ್ನು "ಇದು ಎನ್ನಪ್ಪಾ, ಚಿಕ್ಕುವಾ?" ಎಂದು ಕೇಳಿದರು. ಶನಿವಾರ ಸಂಜೆ ಭಟ್ಟರು ಟ್ರಂಕನ್ನು ಮಂಚದ ಕೆಳಗಿನಿಂದ ಎಳೆದು ತೆರೆದರು. ಎರಡು ಪಂಚೆ ಮಡಿಸಿಟ್ಟರು. ಎಲ್ಲಿಗೆ ಎಂದು ಹೊಳೆಯದೆ ಮುಚ್ಚಿದರು.

ಭಾನುವಾರ ಊಟದ ಹೊತ್ತು ಮುಗಿದು ಹೋಟೆಲು ಸಂಜೆಯವರೆಗೆ ಬಾಗಿಲು ಎಳೆದುಕೊಂಡ ಮೇಲೆ, ಮಹಡಿಯ ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ಬಂದವರು ರಾಯರು. ಒಂದು ಕೈಯಲ್ಲಿ ತುಂಬಿದ ಕೊಡಪಾನ, ಕಂಕುಳಲ್ಲಿ ಸಾಗುವಾನಿ ಎಲೆಯ ಒಂದು ಕಟ್ಟು.

"ಮಲಗಿದ್ದೀರೋ ಅಂತ ಗ್ರಹಿಸಿದೆ. ನೀರಿನ ಲಾರಿ ಬಂತು ಭಟ್ರೇ, ಮಧ್ಯಾಹ್ನ ಹನ್ನೆರಡಕ್ಕೆ. ಈ ಕಟ್ಟು ಬೆಳಿಗ್ಗೆ ಮಂಗಳೂರು ಮೆಯಿಲ್ ರೈಲಿನಲ್ಲಿ ನನ್ನ ಅಳಿಯನ ಕೈಯಲ್ಲಿ ಬಂತು. ಮೊನ್ನೆ ಫೋನ್ ಮಾಡಿ ಹೇಳಿದ್ದೆ. ಊರಲ್ಲಿ ಒಳ್ಳೆ ಗುಡುಗಂತೆ."

ಎಲೆ ಬಿಚ್ಚಿದರು. ಕೆಂಪು ಮಣ್ಣು ಮೆತ್ತಿದ ಉಂಡೆಗಳು, ಇನ್ನೂ ಒದ್ದೆ. ಮಹಡಿಯ ಮೇಲೆ ಉಡುಪಿಯ ವಾಸನೆ ಎದ್ದಿತು.

ರಾಯರು ಟ್ರಂಕನ್ನು ನೋಡಿದರು, ನೋಡದವರ ಹಾಗೆ ಮಂಚದ ತುದಿಗೆ ಕೂತರು.

"ನನಗೆ ಆಗ ಎಂಟು ವರ್ಷ. ನಮ್ಮಲ್ಲಿ ಅಂಗಳ ಗುಡಿಸುವವಳ ಮಗ ಎಲೆಯಲ್ಲಿ ಕೊಟ್ಟ, ನಾನು ತಿಂದೆ. ಅಮ್ಮ ಬಾವಿಕಟ್ಟೆಯಲ್ಲಿ ಕೂರಿಸಿ ತಲೆಗೆ ಕೊಡ ಕೊಡ ನೀರು ಹೊಯ್ದರು. ನಾಲಿಗೆಗೆ ಹೊಯ್ಯಲಿಕ್ಕೆ ಆಗಲಿಲ್ಲ." ಎಲೆಯ ಅಂಚು ಮಡಿಸುತ್ತ, "ಆ ಹುಡುಗನಿಗೆ ಎಂತ ಮಾಡಿದರು ಅಂತ ನಾನು ಕೇಳ್ಲೇ ಇಲ್ಲ," ಎಂದರು.

ಅದು ಭಟ್ಟರು ಹುಟ್ಟುವುದಕ್ಕೂ ಮುಂಚಿನ ಮಾತು. ಆದರೂ ಅವರು ಕೇಳಿದರು. "ಅವನ ಹೆಸರು?"

"ಐತ ಅಂತ ಇರಬೇಕು. ಅವರಲ್ಲಿ ಎಲ್ಲರೂ ಐತನೇ ಅಲ್ವಾ."

"ಎಲ್ಲರೂ ಅಲ್ಲ," ಎಂದರು ಭಟ್ಟರು. ಉಂಡೆಯೊಂದನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಮಣ್ಣು ಉಜ್ಜುತ್ತಿದ್ದರು. "ಭಾನುವಾರ ಹುಟ್ಟಿದವರಿಗೆ ಮಾತ್ರ ಐತ. ಸೋಮವಾರ ಹುಟ್ಟಿದರೆ ತೋಮ. ನಾನು ಭಾನುವಾರ."

ಕೆಳಗೆ ಬೀದಿಯಲ್ಲಿ ಯಾರದೋ ಖಾಲಿ ಕೊಡ ಉರುಳಿ, ಯಾರೋ ಅದನ್ನು ಅಟ್ಟಿಸಿಕೊಂಡು ಓಡಿದ ಸದ್ದಾಯಿತು. ಅದು ನಿಲ್ಲುವವರೆಗೆ ರಾಯರು ಅವರ ಮುಖವನ್ನೇ ನೋಡುತ್ತಿದ್ದರು.

"ಹೌದಾ," ಎಂದರು. ಆಮೇಲೆ, "ಇವತ್ತು ಕೂಡ ಭಾನುವಾರವೇ ಅಲ್ವಾ. ಸಂಜೆ ನಾಲ್ಕಕ್ಕೆ ಬಾಗಿಲು ತೆಗೀಬೇಕು, ಮಾರಾಯ್ರೆ. ಪಾತ್ರೆ ತನ್ನಿ."

ಭಟ್ಟರು ಕೋಣೆಯ ಹೊರಗೆ, ಹಳೇ ಡಬ್ಬಿಯಲ್ಲಿ ನೆಟ್ಟಿದ್ದ ಕರಿಬೇವಿನ ಗಿಡದ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅಣಬೆಗಳನ್ನು ಪಾತ್ರೆಗೆ ಸುರಿದುಕೊಂಡರು. ರಾಯರು ಪಂಚೆ ಎತ್ತಿ ಕಟ್ಟಿ, ನಿಂತಲ್ಲಿಂದಲೇ ಕೊಡಪಾನ ವಾಲಿಸಿದರು. ನೀರು ಭಟ್ಟರ ಕೈಗೆ ಬಿದ್ದು ಮೊಣಕೈಯಿಂದ ಇಳಿದು ಬಿಸಿ ನೆಲಕ್ಕೆ ಹರಿಯಿತು.

"ಸ್ವಲ್ಪ ಕೆಳಗೆ ಹಿಡೀರಿ," ಎಂದರು ಭಟ್ಟರು. "ಚೆಲ್ಲಿ ಹೋಗ್ತದೆ."

ರಾಯರು ಮೊಣಕಾಲು ಹಿಡಿದುಕೊಂಡು ನಿಧಾನ ಕೂತರು. ಕೊಡಪಾನದ ಕಂಠ ಭಟ್ಟರ ಮಣಿಕಟ್ಟಿಗೆ ತಾಗಿತು, ಅಲ್ಲಿಯೇ ಒರಗಿ ನಿಂತಿತು. ಮೊದಲ ನೀರು ಕರಿಬೇವಿಗೆ, ಎರಡನೆಯದೂ ಕರಿಬೇವಿಗೆ. ಇಬ್ಬರೂ ಮನಸ್ಸಿನಲ್ಲೇ ಎಣಿಸುತ್ತಿದ್ದರು. ಏಳನೆಯ ನೀರಿಗೆ ಬರುವಷ್ಟರಲ್ಲಿ ಕೊಡಪಾನ ಹಗುರವಾಗಿತ್ತು. ಭಟ್ಟರು ಪಾತ್ರೆಯನ್ನು ಬೆಳಕಿಗೆ ವಾಲಿಸಿದರು, ಇಬ್ಬರೂ ಬಗ್ಗಿ ನೋಡಿದರು.

ನೀರು ಇನ್ನೂ ಕೆಂಪಗಿತ್ತು.