ಅಂಟದ ರೋಗ

ಗಿರಿಯಪ್ಪನ ಬೆನ್ನಿನ ಕಲೆಗಳಿಗೆ ಕಾರಣ ಹೇಳದವರು ಬೊಕ್ಕಪಟ್ಣದಲ್ಲಿ ಯಾರೂ ಇರಲಿಲ್ಲ. ವರ್ಷಗಟ್ಟಲೆ ತುರಿಸಿ ಕೆಂಪಾಗಿದ್ದ ಕಲೆಗಳ ಮೇಲೆ ಈಗ ಗಂಟುಗಳು ಎದ್ದಿದ್ದವು. ಉಳ್ಳಾಲದಲ್ಲಿದ್ದ ಅವನ ತಂಗಿ ಸುಂದರಿ ಇದು ನಾಗದೋಷ ಎಂದಳು. ಅತ್ತಿಗೆಯ ಕಡೆಯವರು ನಾಗಬನದ ಮರ ಕಡಿದದ್ದೇ ಕಾರಣ ಎಂದೂ ಸೇರಿಸಿದಳು. ಅವನ ಹೆಂಡತಿ, ಬೊಕ್ಕಪಟ್ಣದ ಬಾಗಿ, ಬಿಟ್ಟಾಳೆಯೇ? ಸುಂದರಿಯ ದೋಣಿಗೆ ಗೇರುಸಿಪ್ಪೆಯ ಮೈಸುಡುವ ಗೇರೆಣ್ಣೆ ಬಳಿದು ಬಳಿದೇ ಗಂಡನ ಚರ್ಮ ಹಾಳಾಯಿತು ಎಂದಳು.

ಬಾಗಿಯ ಹೊಟ್ಟೆಕಿಚ್ಚು ಹಳೆಯದು. ಅವರದು ಅಳಿಯಕಟ್ಟು. ಗಂಡಸಿನ ದುಡಿಮೆ, ದೋಣಿ ಎಲ್ಲ ತಂಗಿಗೆ, ತಂಗಿಯ ಮಕ್ಕಳಿಗೆ. ಗಿರಿಯಪ್ಪ ಇದ್ದದ್ದೂ ಉಳ್ಳಾಲದಲ್ಲಿ ತಂಗಿಯ ಮನೆಯಲ್ಲೇ. ಹೊಳೆ ದಾಟಿ ಹೆಂಡತಿಯ ಮನೆಗೆ ಬರುತ್ತಿದ್ದದ್ದು ನೆಂಟನ ಹಾಗೆ. ಅಂಜಲ್ ಮೀನಿನ ನಡು ಅಲ್ಲಿಗೆ, ಬಾಲ ಇಲ್ಲಿಗೆ. "ಹಂಚುವಾಗ ತಂಗಿ, ತುರಿಸುವಾಗ ಹೆಂಡತಿ" ಎಂದು ಬಾಗಿ ಮೀನು ಮಾರ್ಕೆಟ್ಟಿನಲ್ಲೇ ಹೇಳಿದವಳು.

ಕದ್ರಿಯ ತ್ರಿವಿಕ್ರಮ ಡಾಕ್ಟರು ಗಂಟಿನ ಚೂರೊಂದನ್ನು ಮದರಾಸಿಗೆ ಕಳುಹಿಸಿ ಪರೀಕ್ಷೆ ಮಾಡಿಸಿದ್ದರು. ಉತ್ತರ ಬಂದ ದಿನ ಗಿರಿಯಪ್ಪ ಆಸ್ಪತ್ರೆಯ ಒಳಗೆ ಬೆನ್ನಿನ ಗಂಟುಗಳಿಗೆ ಬಟ್ಟೆ ಕಟ್ಟಿಸಿಕೊಳ್ಳುತ್ತಿದ್ದ. ಡಾಕ್ಟರು ಬಾಗಿಯನ್ನು ಜಗಲಿಗೆ ಕರೆದರು.

"ಕುಷ್ಠ ಅಲ್ಲ. ಚರ್ಮದಲ್ಲಿ ಬೆಳೆಯುವ ಒಂದು ಅರ್ಬುದ, ಕ್ಯಾನ್ಸರಿನ ಜಾತಿ, ಬಹಳ ಅಪರೂಪ. ಇಂಗ್ಲಿಷ್ ಹೆಸರಿನಲ್ಲಿ ಅಣಬೆ ಉಂಟು, ರೋಗದಲ್ಲಿ ಅಣಬೆ ಇಲ್ಲ."

"ಎಂತದರಿಂದ ಬಂತು ಸ್ವಾಮಿ? ಗೇರೆಣ್ಣೆಯಿಂದಲಾ?"

"ಮೈಗೆ ತಾಗುವ ಎಣ್ಣೆ, ಹೊಗೆ ಇರಬಹುದು ಅಂತ ಕೆಲವರು. ಯಾವುದೋ ರೋಗಾಣು ಅಂತ ಕೆಲವರು. ನಿಜವಾಗಿ ಯಾರಿಗೂ ಗೊತ್ತಿಲ್ಲ. ಆದರೆ ಒಬ್ಬರಿಂದ ಒಬ್ಬರಿಗೆ ಅಂಟಿದ್ದನ್ನು ಯಾರೂ ಕಂಡಿಲ್ಲ. ಗುಣ ಮಾಡ್ತೇನೆ ಅಂತ ಹೇಳ್ಲಿಕ್ಕೆ ಆಗುವುದಿಲ್ಲ. ಹೆದರದೆ ಹತ್ತಿರ ಇಟ್ಟುಕೊಳ್ಳಿ."

ಹತ್ತಿರ ಇಟ್ಟುಕೊಳ್ಳುವವಳು ಯಾರು? ಸುಂದರಿ. ಸಾಯುವಾಗಲೂ ಅವಳ ಮನೆಯ ಚಾಪೆಯೇ. ಹೊರಗೆ ಬಂದ ಗಂಡನಿಗೆ ಬಾಗಿ, "ಅಂಟುತ್ತದಂತೆ. ಮಕ್ಕಳಿರುವ ಮನೆಗೆ ಹೋಗಬಾರದಂತೆ" ಎಂದಳು. ಹೊಳೆ ದಾಟಿಸುವ ಕಡವಿನ ದೋಣಿಯ ಅಯ್ಯೂಬನ ಬಾಯಲ್ಲಿ ಉಳ್ಳಾಲಕ್ಕೂ ಅದೇ ಸುದ್ದಿ ಹೋಯಿತು.

ಗಿರಿಯಪ್ಪ ಬಾಗಿಯ ಜಗಲಿಯಲ್ಲಿ ಉಳಿದ. ಶಾಲು ಬಿಗಿಯಾಗಿ ಹೊದ್ದು, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. "ಮುಟ್ಟಬೇಡ ಮಾರಾಯ್ತಿ" ಎನ್ನುತ್ತಿದ್ದ. ಬಾಗಿ ಮಾತ್ರ ಅವನು ಉಂಡ ಬಟ್ಟಲಲ್ಲೇ ಉಣ್ಣುತ್ತಿದ್ದಳು. ಅದನ್ನು ಕಂಡು ಅವನ ಕಣ್ಣು ತುಂಬಿತು. "ನೀನೊಬ್ಬಳೇ ನನಗೆ" ಎಂದ. ಆ ಮಾತಿಗಾಗಿ ಅವಳು ಮದುವೆಯಾದಂದಿನಿಂದ ಕಾದಿದ್ದಳು. ಸುಳ್ಳಿನ ಬೆಲೆಗೆ ಸಿಕ್ಕಿದರೂ ಸಿಹಿಯೇ ಆಗಿತ್ತು.

ಒಂದು ಮಧ್ಯಾಹ್ನ ಗಿರಿಯಪ್ಪ ಅರ್ಧ ಗಂಜಿ ಉಂಡು ಬಟ್ಟಲು ಬದಿಗಿಡುವಾಗ ಸುಂದರಿ ಅಂಗಳಕ್ಕೆ ಬಂದಳು. ಮನೆಯವರೆಲ್ಲ ತಡೆದಿದ್ದರಂತೆ.

"ದೂರ ನಿಲ್ಲು, ಅಂಟುತ್ತದೆ" ಎಂದ ಅಣ್ಣ.

"ಅಂಟಲಿ" ಎಂದು ಸುಂದರಿ ಅವನ ಮಗ್ಗುಲಲ್ಲೇ ಕುಳಿತಳು. ಬಟ್ಟಲು ಎಳೆದುಕೊಂಡು, ಅವನ ಎಂಜಲು ಗಂಜಿಗೆ ಕೈ ಹಾಕಿ ಉಣ್ಣತೊಡಗಿದಳು. ಹೆದರಿಕೆ ಮುಖದಲ್ಲೇ ಇತ್ತು, ಆದರೂ ಉಂಡಳು.

ಗಿರಿಯಪ್ಪ ತಂಗಿಯನ್ನು ನೋಡಿದ ನೋಟ, ಬಾಗಿಲಲ್ಲಿ ನಿಂತಿದ್ದ ಬಾಗಿಗೆ ಒಮ್ಮೆಯೂ ಸಿಕ್ಕಿರಲಿಲ್ಲ. ತಾನು ಉಂಡದ್ದು ಅಂಟದೆಂದು ತಿಳಿದು. ಇವಳು ಉಣ್ಣುತ್ತಿರುವುದು ಅಂಟುತ್ತದೆಂದು ನಂಬಿ. ಹೊಟ್ಟೆಕಿಚ್ಚು ತಡೆಯಲಾಗದೆ ಬಾಗಿ ಕಿರುಚಿದಳು:

"ಎಂತ ದೊಡ್ಡಸ್ತಿಕೆ ನಿನ್ನದು? ಅದು ಅಂಟುವುದಿಲ್ಲ! ಡಾಕ್ಟ್ರೇ ಹೇಳಿದ್ದಾರೆ!"

ಸುಂದರಿಯ ತುತ್ತು ಅಲ್ಲೇ ನಿಂತಿತು.

"ನಿನಗೆ ಗೊತ್ತಿತ್ತಾ?" ಎಂದ ಗಿರಿಯಪ್ಪ.

ಸುಂದರಿ ಕೈ ತೊಳೆದಳು. "ಹಾಗಾದರೆ ಏಳಣ್ಣ, ಮನೆಗೆ ಹೋಗುವ."

ಅವನು ಶಾಲನ್ನು ಜಗಲಿಯಲ್ಲೇ ಬಿಟ್ಟು ಎದ್ದ. ತೆರೆದ ಬೆನ್ನಲ್ಲೇ ತಂಗಿಯ ಹಿಂದೆ ಕಡವಿನ ದಾರಿ ಹಿಡಿದ. ಬಟ್ಟಲಿನಲ್ಲಿ ಇನ್ನೂ ಗಂಜಿ ಇತ್ತು, ಅಣ್ಣ ತಂಗಿಯರ ಎಂಜಲು. ಬಾಗಿಗೆ ಅದನ್ನು ಚೆಲ್ಲಲೂ ಮನಸ್ಸಾಗಲಿಲ್ಲ, ಉಣ್ಣಲೂ ಆಗಲಿಲ್ಲ.